ಶಿವಗಂಗವ್ವನ ಯಶೋದೆ

ಕಲಘಟಗಿಯ ಶಿವಗಂಗವ್ವ ತೊಟ್ಟಿಲಿಗೆ ಬಣ್ಣ ಬರೆಯುವವಳು. ಅವಳು ಬರೆದ ಪ್ರತಿ ತೊಟ್ಟಿಲಿನ ಹಲಗೆಯ ಮೇಲೂ ಒಬ್ಬ ಯಶೋದೆ ಇರುತ್ತಾಳೆ; ಮುಖ ಮಾತ್ರ ಶಿವಗಂಗವ್ವನದೇ. ಹರೆಯದಲ್ಲಿ ಕನ್ನಡಿ ನೋಡಿ ಬರೆದದ್ದು ಕೈಗೆ ರೂಢಿಯಾಗಿಬಿಟ್ಟಿತ್ತು. ಅವಳಿಗೆ ವಯಸ್ಸಾಯಿತು, ಯಶೋದೆಗೆ ಆಗಲಿಲ್ಲ. ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು: ಕೂಸಿನ ಮನೆಯವರು ತೊಟ್ಟಿಲು ಒಯ್ಯಲು ಬಂದು ನಿಂತ ಮೇಲೆಯೇ ಚಿತ್ರಕ್ಕೆ ಕಣ್ಣು ಬರೆಯಬೇಕು. ಕಣ್ಣು ತೆರೆದ ತೊಟ್ಟಿಲು ಖಾಲಿ ಇರಬಾರದು.

ಪಟ್ಟಣದ ಕೂಲಿಗಳಿಗೆ, ಕೈಕಸುಬಿನವರಿಗೆ ಸರಕಾರ ಕೊಡುವ ಸಹಾಯಧನ ಅವಳ ಖಾತೆಗೆ ಬರುತ್ತಿತ್ತು. ಗುಳಿಗೆಗೂ ಅಕ್ಕಿಗೂ ಅದೇ ಆಸರೆ. ಈ ಸಲ ಅದು ನಿಂತುಹೋಯಿತು. ಜೀವಂತ ಇದ್ದೇನೆಂದು ಮತ್ತೆ ತೋರಿಸಬೇಕಂತೆ! ಉಸಿರಾಡುತ್ತ ಎದುರಿಗೆ ಕೂತರೆ ಸಾಲದು. ತೊಟ್ಟಿಲಿಗೆ ಬಣ್ಣದ ಅರಗು ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳು ಸವೆದಿದ್ದವು, ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಇನ್ನು ಉಳಿದದ್ದು ಮುಖ. ಮೊಣಕಾಲು ನೋವಿನ ಮುದುಕಿಯನ್ನು ಯಾಕೆ ಓಡಾಡಿಸಬೇಕೆಂದು ಆನ್‌ಲೈನ್ ಸೆಂಟರಿನ ರೂಬಿನಾ ಮೊಬೈಲ್ ಹಿಡಿದು ಮನೆಗೇ ಬಂದಳು.

“ಆಯಿ, ಈ ಗೋಲದಾಗ ಮುಖಾ ಇಡ್ರಿ. ಕಣ್ಣ ಮುಚ್ಚಿ ತಗೀರಿ.”

ಶಿವಗಂಗವ್ವ ಕಣ್ಣು ಮುಚ್ಚಿ ತೆರೆದಳು. ಹೊಂದಲಿಲ್ಲ ಅಂದಿತು ಮೊಬೈಲ್. ಮತ್ತೆ ಮುಚ್ಚಿ ತೆರೆದಳು, ಮತ್ತೆ ಅದೇ ಹಾಡು. ಆಮೇಲೆ ಆ ಹಸಿರು ಗೋಲ ಅವಳ ಮುಖ ಬಿಟ್ಟು ಮೆಲ್ಲಗೆ ಸರಿದು, ಹಿಂದೆ ತೂಗುಹಾಕಿದ್ದ ತೊಟ್ಟಿಲಿನ ಯಶೋದೆಯ ಮೇಲೆ ನಿಂತಿತು.

“ಅಯ್ಯ, ಆಧಾರ್ ಕಾರ್ಡಿನಾಗಿನ ನಿಮ್ಮ ಹಳೇ ಫೋಟೋ ಹಿಂಗ ಐತಲ್ರಿ! ಅದಕ್ಕ ಅಕಿನ್ನ ಹಿಡೀತು,” ರೂಬಿನಾ ನಕ್ಕಳು. “ಆದ್ರ ಅಕಿಗೆ ಕಣ್ಣ ಇಲ್ಲ.”

ಶಿವಗಂಗವ್ವ ನಗಲಿಲ್ಲ. ಗುಳಿಗೆಯ ಡಬ್ಬಿ ಬರಿದಾಗಿತ್ತು. ಆ ತೊಟ್ಟಿಲು ಒಯ್ಯಲು ಅಳ್ನಾವರದವರು ಮರುದಿನವೇ ಬರುವವರಿದ್ದರು. ಒಂದು ದಿನದ ಮಾತು ತಾನೇ ಎಂದುಕೊಂಡು ಕುಂಚ ತೆಗೆದು ಕಣ್ಣು ಬರೆದೇಬಿಟ್ಟಳು.

ರೂಬಿನಾ ಮೊಬೈಲ್ ಎತ್ತಿ ಹಿಡಿದಳು. ಕ್ಷಣದಲ್ಲಿ ಹಸಿರು ಗುರುತು ಬಿತ್ತು. ಅವಳ ನಗು ಅಲ್ಲೇ ನಿಂತುಹೋಯಿತು.

“ಆಯಿ, ಅಕಿ ಕಣ್ಣ ಮುಚ್ಚಿ ತಗದ್ಲು.”

ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದೇ ಹೊರಬಿದ್ದಳು.

ಮರುದಿನ ಅಳ್ನಾವರದ ಅಜ್ಜಿ ಆ ಕಣ್ಣು ನೋಡಿ ಹೊಸ್ತಿಲಲ್ಲೇ ನಿಂತಳು. “ಖಾಲಿ ತೊಟ್ಟಿಲಕ್ಕ ಕಣ್ಣ ತಗದೀಯಲ್ಲಬೇ! ನಮ್ಮ ಕೂಸಿಗೆ ಇದು ಬ್ಯಾಡ.”

ತೊಟ್ಟಿಲು ಮನೆಯಲ್ಲೇ ಉಳಿಯಿತು. ಹಣ ಬಂತು, ಗುಳಿಗೆಗಳೂ ಬಂದವು. ಗಾಳಿ ಸುಳಿಯದ ಮಧ್ಯಾಹ್ನ ತೊಟ್ಟಿಲಿನ ಸರಪಳಿ ಕಿರುಗುಟ್ಟುತ್ತದೆ. ಶಿವಗಂಗವ್ವ ಒದ್ದೆ ಬಟ್ಟೆ ಹಿಡಿದು ಅದರ ಹತ್ತಿರ ಹೋಗುತ್ತಾಳೆ. ಆದರೂ ಆ ಕಣ್ಣು ಅಳಿಸಲಾರಳು. ಅಳಿಸಿದರೆ ಮುಂದಿನ ಸಲ ಯಾರನ್ನು ತೋರಿಸುವುದು?

ಆ ಮುಂದಿನ ಸಲ ಮೊನ್ನೆ ಬಂತು. ರೂಬಿನಾಳಿಗೆ ಕೈಮುಗಿದು ಕರೆತಂದು, ತೊಟ್ಟಿಲಿಗೆ ಸೀರೆ ಹೊದಿಸಿ, ತಾನೇ ಮೊಬೈಲಿನ ಎದುರು ಕೂತಳು. ಕಣ್ಣು ಮುಚ್ಚಿ ತೆರೆದಳು. ಗೋಲ ಅವಳ ಮೇಲೆ ನಿಲ್ಲಲೇ ಇಲ್ಲ.

“ಏನಂತೈತಬೇ?”

ರೂಬಿನಾ ಮೊಬೈಲ್ ಕೆಳಗಿಳಿಸಿದಳು. “ಇಲ್ಲಿ ಯಾರೂ ಇಲ್ಲ ಅಂತೈತ್ರಿ, ಆಯಿ.”

ಶಿವಗಂಗವ್ವ ಸವೆದ ಬೆರಳುಗಳಿಂದ ತನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಎದ್ದು ಯಶೋದೆಯ ಮುಖದ ಮೇಲಿನ ಸೀರೆ ಸರಿಸಿದಳು.

“ನೀನರ ಇರವ್ವಾ,” ಅಂದಳು.