ಹುಳುಮನೆಯ ಹೊಸ್ತಿಲು

ವೆಂಕಟೇಶಮೂರ್ತಿ ಮೇಷ್ಟ್ರು ರಾಮಲಕ್ಷ್ಮಮ್ಮನನ್ನು ಮೊದಲು ಕಂಡದ್ದು ಶಿಡ್ಲಘಟ್ಟದ ಬಳಿಯ ಒಂದು ಹಳ್ಳಿಯ ಶಾಲೆಯಲ್ಲಿ. ಮಗಳು ಮೌನಿಕಾಳನ್ನು ಐದನೆಯ ತರಗತಿಗೆ ಸೇರಿಸಲು ಬಂದಿದ್ದ ಆಕೆ ಕೊಠಡಿಯೊಳಕ್ಕೆ ಬಾರದೆ ಬಾಗಿಲಾಚೆಯೇ ನಿಂತಿದ್ದಳು.

"ಒಳಗೆ ಬಾಮ್ಮ, ಇಲ್ಲಿ ರುಜು ಹಾಕ್ಬೇಕು."

"ಪುಸ್ತಕ ಇಲ್ಲಿಗೇ ಕೊಟ್ಬಿಡಿ ಮೇಷ್ಟ್ರೇ. ನೀವು ನಶ್ಯ ಹಾಕ್ತೀರಲ್ಲ, ಆ ವಾಸ್ನೆ ಸೀರೆಗೆ ಹತ್ತಿದ್ರೆ ನಮ್ಮನೆಯೋರು ನನ್ನ ಹುಳುಮನೆಗೆ ಬಿಡಲ್ಲ. ಹುಳ ಎರಡನೇ ಜ್ವರದಿಂದ ಈಗ ಎದ್ದೈತೆ."

ರೇಷ್ಮೆಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಮಂಕಾಗಿ ಕೂರುತ್ತದೆ. ಆ ಸೀಮೆಯವರು ಅದನ್ನು ಜ್ವರವೆನ್ನುತ್ತಾರೆ. ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಳು ಉಳಿಯದೆಂಬುದು ಮೇಷ್ಟ್ರಿಗೂ ತಿಳಿದಿತ್ತು. ಆದರೂ ತಮ್ಮ ನಶ್ಯದ ಡಬ್ಬಿಗೆ ಇಷ್ಟು ದೂರದಿಂದ ಮರ್ಯಾದೆ ಕೊಟ್ಟವರನ್ನು ಅವರು ಕಂಡಿರಲಿಲ್ಲ. ನಗುತ್ತ ಎದ್ದು ಹೋಗಿ, ಪುಸ್ತಕವನ್ನು ದೂರದಿಂದಲೇ ಕೈ ನೀಡಿ ಹಿಡಿದು, ಬಾಗಿಲಲ್ಲೇ ರುಜು ಹಾಕಿಸಿಕೊಂಡರು. ಮಿಕ್ಕದ್ದನ್ನೆಲ್ಲ ಆಕೆ ಅವರಿಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ.

ಆಕೆಯ ಗಂಡ ಬಯ್ಯಪ್ಪನ ಶಿಸ್ತು ಊರಿಗೇ ಹೆಸರಾಗಿತ್ತು. ಹುಳು ಮನೆಯಲ್ಲಿರುವಷ್ಟು ದಿನ ನಸುಕಿನಲ್ಲೆದ್ದು ಮಿಂದು, ಒಗೆದ ಪಂಚೆಯುಟ್ಟು, ಹೊಸ್ತಿಲ ಬಳಿ ಹರಡಿದ ಸುಣ್ಣದ ಪುಡಿಯನ್ನು ತುಳಿದೇ ಒಳಗೆ ಹೋಗುವನು.

"ಏಮಪ್ಪಾ ಬಯ್ಯಪ್ಪ, ಒಳಗೆ ತಿಮ್ಮಪ್ಪನ್ನ ಕೂರ್ಸಿದ್ದೀಯೇನೋ?" ಎಂದು ಪಕ್ಕದ ಮನೆಯ ವೆಂಕಟರವಣಪ್ಪ ಕೆಣಕುತ್ತಿದ್ದ.

"ತಿಮ್ಮಪ್ಪ ಆದ್ರೆ ತಡ್ಕೋತಾನೆ ಮಾವ, ಹುಳ ತಡ್ಕೊಳಲ್ಲ. ಬೀಡಿ ಎಸೆದು ಆಚೆಗೆ ನಿಂತ್ಕೊಳ್ಳಿ."

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದ ಸಂಜೆಯಿಂದ ಆತನೇ ಬೇರೆ. ಮುಂದಿನ ಬೆಳೆಯ ಮರಿಹುಳು ಮನೆಗೆ ಬರುವ ತನಕ ಬಾರಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ರಾಮಲಕ್ಷ್ಮಮ್ಮನಿಗೆ ಇದರಿಂದ ಒಂದು ಉಪಾಯ ಹೊಳೆಯಿತು. ಹುಳು ಮನೆಯಲ್ಲಿದ್ದರೆ ಗಂಡನೂ ಮನೆಯಲ್ಲಿರುತ್ತಾನೆ; ಹಾಗಾದರೆ ಹುಳುವಿಲ್ಲದ ದಿನವೇ ಇರಬಾರದು. ಒಂದು ಬೆಳೆ ಗೂಡು ಕಟ್ಟುತ್ತಿದ್ದಂತೆಯೇ ಇನ್ನೊಂದರ ಮರಿ ತರಿಸಿಬಿಡುವಳು. ಬೆಳೆಯಾದ ಮೇಲೆ ಮನೆ ತೊಳೆದು, ಔಷಧಿ ಹೊಡೆದು, ಬಿಡುವು ಕೊಡಬೇಕೆಂದು ರೇಷ್ಮೆ ಇಲಾಖೆಯವರು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ತೋಟದ ಸೊಪ್ಪು ಸಾಲದಿದ್ದರೆ ನೆರೆಯೂರಿನಿಂದ ಹೊತ್ತು ತರುವಳು. ಗಂಡನನ್ನು ಕಟ್ಟಿಹಾಕಲು ಹಗ್ಗವೊಂದು ಸಿಕ್ಕಿತೆಂದು ಕೆಲವು ವರ್ಷ ನೆಮ್ಮದಿಯಿಂದಿದ್ದಳು.

ಆ ಹಗ್ಗವೂ ಸವೆಯಿತು. ಸೊಪ್ಪು ಹಾಕುವಾಗ ಬಯ್ಯಪ್ಪನ ಕೈ ನಡುಗತೊಡಗಿತು. ಎರಡು ಮೇವಿನ ನಡುವೆ ಹೋಗಿ ಕುಡಿದು ಬಂದು, ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಒಳಗೆ ಹೋಗುವನು. ಕುಡಿಯದಿದ್ದರೆ ಲೋಟ ಹಿಡಿಯಲಾರ. ಕುಡಿದರೆ ಹುಳುವಿಗೆ ಮುಖ ತೋರಿಸಲಾರ. ಊಟ ಬಿಟ್ಟ, ಕಣ್ಣು ಹಳದಿಯಾಯಿತು. ಹೀಗೇ ಬಿಟ್ಟರೆ ಈತ ಉಳಿಯುವುದಿಲ್ಲವೆಂದು ರಾಮಲಕ್ಷ್ಮಮ್ಮನಿಗೆ ಖಚಿತವಾಯಿತು.

ಊರಿನ ಆಶಾ ಕಾರ್ಯಕರ್ತೆ ಶಿರೀಷಾ ದಾರಿ ಹೇಳಿದಳು. "ಅಕ್ಕ, ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೇಲಿ ಮನಸ್ಸಿನ ಡಾಕ್ಟ್ರು ಇದಾರೆ. ಕುಡಿತಕ್ಕೂ ನೋಡ್ತಾರೆ. ಮಂಗಳವಾರ ನಾನೇ ಜೊತೇಲಿ ಬರ್ತೀನಿ."

"ಮೆತ್ತಗೆ ಮಾತಾಡೇ. ಹುಚ್ಚರ ಡಾಕ್ಟ್ರತ್ರ ಹೋದ್ರು ಅಂತ ಗೊತ್ತಾದ್ರೆ ನನ್ನ ಮಗಳನ್ನ ಯಾರು ಮಾಡ್ಕೋತಾರೆ? ಚಿಂತಾಮಣಿಯೋರು ಬಂದು ನೋಡ್ಕೊಂಡು ಹೋಗವ್ರೆ."

"ಕುಡುಕನ ಮಗಳು ಅಂದ್ರೆ ಪರವಾಗಿಲ್ವಾ?"

"ಕುಡಿಯೋದು ಎಲ್ಲರ ಮನೇಲೂ ಐತೆ ಕಣೇ."

ಹತ್ತಿರವಿದ್ದ ಬಾಗಿಲನ್ನು ಬಿಟ್ಟು ಆಕೆ ಬೆಂಗಳೂರಿನಲ್ಲಿದ್ದ ತಮ್ಮ ಮೋಹನ್‌ಬಾಬುವಿಗೆ ಫೋನು ಮಾಡಿದಳು. ಅವನು ಮೊಬೈಲಿನಲ್ಲಿ ಹುಡುಕಿ ಕುಡಿತ ಬಿಡಿಸುವ ಒಂದು ಕೇಂದ್ರದ ಚಿತ್ರಗಳನ್ನು ಕಳುಹಿಸಿದ. ಸುತ್ತ ಹೂವಿನ ಕುಂಡಗಳು, ಚಾಪೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಗಂಡಸರು. ಅಲ್ಲಿನವನೊಬ್ಬ ಬೆಣ್ಣೆಯಂಥ ದನಿಯಲ್ಲಿ ಮಾತನಾಡಿದ. "ನೀವು ಕರ್ಕೊಂಡ್ ಬರೋದೇ ಬೇಡಮ್ಮ. ನಾವೇ ವ್ಯಾನ್ ತರ್ತೀವಿ. ಅವರನ್ನ ಸ್ವಲ್ಪ ಹೊತ್ತು ಕೂರಿಸ್ಕೊಂಡಿರಿ, ಸಾಕು. ಯಾರಿಗೂ ಗೊತ್ತಾಗಲ್ಲ."

ಕೊನೆಯ ಮಾತು ಆಕೆಯನ್ನು ಗೆದ್ದಿತು. ಒಮ್ಮೆ ಹೋಗಿ ನೋಡಿಕೊಂಡು ಬರೋಣವೆಂದು ಮೋಹನ್‌ಬಾಬು ಕರೆದ. "ಹುಳ ನಾಲ್ಕನೇ ಜ್ವರಕ್ಕೆ ಕೂತೈತೆ ಕಣೋ, ಹೆಂಗೆ ಬಿಟ್ಟು ಬರ್ಲಿ? ನೀನು ನೋಡಿದ್ದೀಯಲ್ಲ ಫೋಟೋನ" ಎಂದಳು. ಹುಳು ಸಾಕುವ ಬಿದಿರಿನ ತಟ್ಟೆಯನ್ನೂ ಮುಟ್ಟಿ, ಮೂಸಿ, ತಿರುಗಿಸಿ ನೋಡಿ ಕೊಳ್ಳುತ್ತಿದ್ದ ಹೆಂಗಸು ಗಂಡನನ್ನು ಕಳುಹಿಸುವ ಜಾಗವನ್ನು ನೋಡಲೇ ಇಲ್ಲ.

ವ್ಯಾನು ಬರುವ ದಿನ ಬೆಳಿಗ್ಗೆ ಆಕೆ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚಾಗಿ ಹಾಕಿದಳು. ಬಯ್ಯಪ್ಪ ಜಗಲಿಯ ಮೇಲೆ ಎರಡೂ ಕೈಯಿಂದ ಲೋಟ ಹಿಡಿದು ಕುಳಿತಿದ್ದ.

"ಏನಿವತ್ತು ಇಷ್ಟು ಸಿಹಿ? ಯಾರಾದ್ರೂ ಬರ್ತಾರಾ?"

"ಯಾರು ಬರ್ತಾರೆ? ನಿಧಾನವಾಗಿ ಕುಡೀರಿ."

ಬಾಗಿಲ ಮುಂದೆ ವ್ಯಾನು ನಿಂತಿತು. ನಾಲ್ವರು ದಾಂಡಿಗರು ಇಳಿದರು. ಬಯ್ಯಪ್ಪನಿಗೆ ಏನನ್ನಿಸಿತೋ, ಲೋಟವನ್ನಿಟ್ಟು ಹುಳುಮನೆಯೊಳಕ್ಕೆ ಓಡಿದ. ಅವರು ಬೂಟುಗಾಲಿನಲ್ಲೇ ಹಿಂದೆ ನುಗ್ಗಿದರು; ಒಬ್ಬನ ಬೆರಳಿನಲ್ಲಿ ಸಿಗರೇಟು ಉರಿಯುತ್ತಿತ್ತು. ಜ್ವರ ಬಿಟ್ಟೆದ್ದ ಹುಳುಗಳು ಸೋನೆಮಳೆಯಂತೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು.

"ಅದನ್ನ ಆರ್ಸಪ್ಪ, ನಿನ್ನ ಕಾಲಿಗೆ ಬೀಳ್ತೀನಿ" ಎಂದ ಬಯ್ಯಪ್ಪ. "ಬೂಟು ಹಾಕ್ಕೊಂಡು ಒಳಗೆ ಬರ್ಬೇಡಿ. ನಾನೇ ಆಚೆ ಬರ್ತೀನಿ."

ಬಂದ. ಅವರು ತೋಳು ತಿರುಚಿ ನಡೆಸಿಕೊಂಡು ಹೋಗುವಾಗ ಜಗಲಿಯ ಮೇಲಿದ್ದ ಅರ್ಧ ಲೋಟ ಕಾಫಿಯನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಬೀದಿಯ ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಆ ಬೆಳೆ ಕೈಗೆ ಹತ್ತಲಿಲ್ಲ. ಹೊಗೆಯೋ, ಬಿಡುವಿಲ್ಲದ ಮನೆಯಲ್ಲಿ ಕೂತಿದ್ದ ರೋಗವೋ, ಹುಳುಗಳು ಹಳದಿಗಟ್ಟಿ, ಉಬ್ಬಿ, ಒಡೆದವು. ತಾಯಿಮಗಳು ಬುಟ್ಟಿಗಟ್ಟಲೆ ಹೊತ್ತು ಗುಂಡಿಯಲ್ಲಿ ಹೂತರು. ಚಿಂತಾಮಣಿಯವರು ವ್ಯಾನಿನ ಸುದ್ದಿ ಕೇಳಿ ಮತ್ತೆ ಸಂಬಂಧದ ಮಾತೆತ್ತಲಿಲ್ಲ.

ಒಂದು ತಿಂಗಳು ನೋಡಲು ಬರಕೂಡದೆಂದು ಕೇಂದ್ರದವರು ಹೇಳಿದ್ದರು. ತಿಂಗಳು ಕಳೆದು ಅಕ್ಕತಮ್ಮ ಹೋದಾಗ ಕಂಡದ್ದು ಯಲಹಂಕದಾಚೆಯ ಒಂದು ಬಾಡಿಗೆ ಮನೆ, ಹೊರಗಿನಿಂದ ಬೀಗ. ಬಯ್ಯಪ್ಪನ ತಲೆ ಬೋಳಿಸಿದ್ದರು. ಮಣಿಕಟ್ಟಿನಲ್ಲಿ ಹಗ್ಗದ ಗುರುತಿತ್ತು. ಕುಡಿತ ತಪ್ಪಿದ ಮೊದಲ ದಿನಗಳಲ್ಲಿ ಫಿಟ್ಸ್ ಬಂದು ನಾಲಗೆ ಕಚ್ಚಿಕೊಂಡಿದ್ದನಂತೆ, ನಾಟಕವೆಂದು ಕಟ್ಟಿಹಾಕಿದರಂತೆ. ವೈದ್ಯರೆಂಬವರು ಆ ಮನೆಗೆ ಕಾಲಿಟ್ಟಿರಲಿಲ್ಲ.

"ಫೋಟೋದಲ್ಲಿ ಹೂಕುಂಡ ಇತ್ತಲ್ಲಕ್ಕ" ಎಂದ ಮೋಹನ್‌ಬಾಬು.

ಆಕೆ ತಮ್ಮನನ್ನು ಬಯ್ಯಲಿಲ್ಲ. ಗಂಡನನ್ನು ಹೊರಡಿಸಿಕೊಂಡು ಬಂದಳು. ಅವನು ಊರ ಮುಂದೆ ಇಳಿದು ನೇರವಾಗಿ ಬಾರಿಗೆ ಹೋದ.

ಕೆಲವು ವಾರಗಳಲ್ಲಿ ಮತ್ತೆ ಫಿಟ್ಸ್ ಬಂತು. ಈ ಸಲ ಆಕೆ ಯಾರನ್ನೂ ಕೇಳಲಿಲ್ಲ. ಶಿರೀಷಾಳೊಂದಿಗೆ ಆಟೋದಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದಳು. ಆಸ್ಪತ್ರೆಯಲ್ಲಿ ಹಾಸಿಗೆ ಕೊಟ್ಟರು, ಸೂಜಿ ಮಾತ್ರೆಗಳಿಂದ ನಡುಕವನ್ನು ಮೆಲ್ಲಗೆ ಇಳಿಸಿದರು.

"ಇಷ್ಟು ದಿನ ಕುಡಿದೋರನ್ನ ಒಂದೇ ಸಲಕ್ಕೆ ನಿಲ್ಸಿದ್ರೆ ಪ್ರಾಣಕ್ಕೇ ಬರುತ್ತಮ್ಮ" ಎಂದರು ವೈದ್ಯರು. "ಮೊದಲೇ ಯಾಕೆ ಇಲ್ಲಿಗೆ ಬರ್ಲಿಲ್ಲ? ನಿಮ್ಮೂರು ದೂರವಾ?"

"ಹತ್ರಾನೇ ಸಾ" ಎಂದಳು ಆಕೆ.

ಈಗ ಬಯ್ಯಪ್ಪ ಮತ್ತೆ ಹುಳು ಸಾಕುತ್ತಾನೆ. ನಡುವೆ ಒಮ್ಮೆ ಜಾರಿದ್ದು ಬಿಟ್ಟರೆ ಕುಡಿದಿಲ್ಲ. ಬೆಳೆ ಬೆಳೆಯ ನಡುವೆ ಮನೆಗೆ ಬಿಡುವು ಕೊಡುತ್ತಾನೆ. ಮಂಗಳವಾರ ಆಸ್ಪತ್ರೆಗೆ ಹೋಗುವಾಗ ಗಂಡ ಬಸ್ಸಿನ ಮುಂದಿನ ಸೀಟಿನಲ್ಲಿ, ಹೆಂಡತಿ ಹಿಂದಿನದರಲ್ಲಿ. ಅದೇ ಬಸ್ಸಿಗೆ ಬರುವ ಮೇಷ್ಟ್ರ ಪಕ್ಕದ ಸೀಟು ಖಾಲಿಯಿದ್ದ ದಿನವೂ ಆಕೆ ಒಂದು ಸೀಟು ಬಿಟ್ಟೇ ಕುಳಿತು ಮಾತನಾಡಿದಳು. ಮೇಷ್ಟ್ರು ಇನ್ನೂ ನಶ್ಯ ಬಿಟ್ಟಿಲ್ಲ.

ಹೆಂಡತಿಯ ಕೈಯ ಕಾಫಿಯನ್ನು ಬಯ್ಯಪ್ಪ ವ್ಯಾನು ಬಂದ ಆ ಬೆಳಗಿನಿಂದ ಮುಟ್ಟಿಲ್ಲ, ತಾನೇ ಕಾಸಿಕೊಳ್ಳುತ್ತಾನೆ. ಮಾತ್ರೆಯನ್ನು ಮನೆಯವರು ಕಣ್ಣೆದುರಿಗೇ ನುಂಗಿಸಬೇಕೆಂದು ವೈದ್ಯರು ಹೇಳಿದ್ದಾರೆ. ಮೌನಿಕಾ ಮನೆಯಲ್ಲಿದ್ದಾಗ ಅವಳು ಕೊಡುತ್ತಿದ್ದಳು. ಅವಳು ಈಗ ಗೌರಿಬಿದನೂರಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಇದ್ದಾಳೆ. ಹಾಗಾಗಿ ರಾಮಲಕ್ಷ್ಮಮ್ಮ ದಿನಾ ಬೆಳಿಗ್ಗೆ ಹುಳುಮನೆಯ ಹೊಸ್ತಿಲ ಮೇಲೆ ಒಂದು ಎಲೆಯಿಟ್ಟು, ಎಲೆಯ ಮೇಲೆ ಮಾತ್ರೆಯಿಟ್ಟು, ಪಕ್ಕದಲ್ಲಿ ನೀರಿನ ಲೋಟವಿಟ್ಟು, ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಆಕೆ ನೋಡುತ್ತಿದ್ದರೆ ಅವನು ತೆಗೆದುಕೊಳ್ಳುವುದಿಲ್ಲ. ನೀರು ಗಂಟಲಿಗಿಳಿದ ಸದ್ದು ಕೇಳಿದ ಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋಗುತ್ತಾಳೆ. ಹುಳು ಜೋರಾಗಿ ಮೇಯುವ ದಿನಗಳಲ್ಲಿ ಆ ಸದ್ದೂ ಕೇಳಿಸುವುದಿಲ್ಲ. ಆಗ ಸ್ವಲ್ಪ ಹೊತ್ತು ಹೆಚ್ಚಾಗಿ ನಿಂತಿರುತ್ತಾಳೆ.