ಬಸ್ಸಿನಲ್ಲಿ ದೇವರ ಚಿತ್ತ

ಆಫೀಸಿನವರು ಮೈಸೂರಿಗೆ ವರ್ಗ ಮಾಡುತ್ತೇವೆ ಅಂದಿದ್ದರು. ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಬಸ್ಸು ಜರಗನಹಳ್ಳಿ ದಾಟುತ್ತಿದ್ದಂತೆ ಕಣ್ಣುಮುಚ್ಚಿ, "ಕರ್ತನೇ, ನಿನ್ನ ಚಿತ್ತವೇನೆಂದು ತಿಳಿಸು" ಎಂದು ಪ್ರಾರ್ಥಿಸತೊಡಗಿದೆ. ಪಕ್ಕದಲ್ಲಿದ್ದ ಅಜ್ಜಿ ಮೊಣಕೈಯಿಂದ ತಿವಿದರು.

"ಜಯನಗರ ಬಂತೇನಮ್ಮಾ?"

"ಇನ್ನೂ ಇಲ್ಲ ಅಜ್ಜಿ."

ಮತ್ತೆ ಕಣ್ಣುಮುಚ್ಚಿದೆ, ಮತ್ತೆ ತಿವಿದರು. ನನಗೆ ರೇಗಿಹೋಯಿತು. "ಅಜ್ಜಿ, ಪ್ರಾರ್ಥನೆ ಮಾಡ್ತಿದೀನಿ."

"ಮಾಡಮ್ಮ. ನಂಗೆ ಬೋರ್ಡು ಕಾಣಲ್ಲ, ಕಣ್ಣಾಸ್ಪತ್ರೆಗೆ ಹೋಗ್ಬೇಕು."

ಗೊಣಗುತ್ತಲೇ ಅವರ ಜೊತೆ ಇಳಿದೆ. ಕೈಹಿಡಿದು ರಸ್ತೆ ದಾಟಿಸಿ, ಆಸ್ಪತ್ರೆ ಬಾಗಿಲವರೆಗೂ ಬಿಟ್ಟೆ.

"ದೇವ್ರನ್ನ ಏನು ಕೇಳ್ತಿದ್ದೆ?" ಅಂದರು ಅಜ್ಜಿ.

"ನಾನೇನು ಮಾಡ್ಬೇಕು ಅಂತ."

"ಹೇಳಿದ್ನಾ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. ವರ್ಗಾವಣೆಯ ವಿಷಯದಲ್ಲಿ ಮಾತ್ರ ದೇವರು ಕೊನೆಗೂ ತುಟಿ ಬಿಚ್ಚಲಿಲ್ಲ. ಸಂಜೆ ನಾನೇ ತಲೆ ಕೆರೆದುಕೊಂಡು ಹೂಂ ಅಂದೆ.