ಎಂಜಲ ಗಾಳಿ

ಬಿಜ್ಜರಗಿಯ ನನ್ನ ಸೋದರತ್ತೆ ಕರೆಂಟು ತಯಾರಿಸುವ ಗಾಳಿಯಂತ್ರವನ್ನು ‘ಫ್ಯಾನು’ ಎನ್ನುತ್ತಿದ್ದಳು. ಊರೆಲ್ಲ ಹಾಗೇ ಅನ್ನುತ್ತಿತ್ತು.

ಫ್ಯಾನಿನ ಮೊದಲ ರೆಕ್ಕೆ ತಿಕೋಟಾ ದಾಟಿ ಬಂದ ದಿನ ನಾನು ರಸ್ತೆಯಲ್ಲಿ ನಿಂತಿದ್ದೆ. ನಿಂತಿದ್ದೆನೇ? ವಿಜಯಪುರದಲ್ಲಿ, ಜೋರಾಪುರ ಪೇಟೆಯ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದ್ದೂ ಇರಬಹುದು. ನೆನಪಿನಲ್ಲಿ ಆ ರೆಕ್ಕೆ ಊರಿನ ಈ ತುದಿಯಿಂದ ಆ ತುದಿಯವರೆಗೆ ಚಾಚಿದೆ. ಅಷ್ಟು ಉದ್ದ ಇರಲಾರದು. ತಿರುವಿನಲ್ಲಿ ಲಾರಿ ಉಸಿರು ಬಿಗಿಹಿಡಿದು ಸರಿದದ್ದು, ಅಂಗಡಿಯವನು ಚಹಾ ಸೋಸುವುದನ್ನೇ ಮರೆತದ್ದು ಮಾತ್ರ ನಿಜ. ಅಥವಾ ನಿಜವಾಗಿರಲಿ ಎಂದು ನನ್ನ ಆಸೆ.

ಅತ್ತೆಗೆ ಅಚ್ಚರಿಯಿರಲಿಲ್ಲ, ಭಯವಿತ್ತು. ಅವಳ ದ್ರಾಕ್ಷಿ ಒಣಗಿ ಮಣೂಕ ಆಗುವುದು ಗಾಳಿಯಿಂದಲೇ. ನೆರಳಿನ ಶೆಡ್ಡು, ಅದರೊಳಗೆ ಹಣ್ಣು ಹರಡಲು ಒಂದರ ಮೇಲೊಂದು ಬಲೆ; ಗಾಳಿ ಆಡದಿದ್ದರೆ ಹಣ್ಣು ಕಪ್ಪಾಗುತ್ತದೆ, ವರ್ಷದ ದುಡಿಮೆ ಮಣ್ಣಾಗುತ್ತದೆ. ಫ್ಯಾನಿನ ಕಂಬ ಎದ್ದದ್ದು ಅದೇ ಶೆಡ್ಡಿನ ಪಡುವಣಕ್ಕೆ, ಗಾಳಿ ಬರುವ ದಿಕ್ಕಿಗೇ.

ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಫ್ಯಾನಿನ ಕಂಪನಿಯಿಂದ ಬಂದ ಎಂಜಿನಿಯರ್ ಇನ್ನೂ ಚಿಕ್ಕ ವಯಸ್ಸಿನವನು.

“ಇದು ಇಡೀ ದೇಶದ ಯೋಜನೆ ಐತ್ರಿ ಅವ್ವಾರ. ಕಲ್ಲಿದ್ದಲು ಸುಡೂದು ಕಡಿಮಿ ಆಗಬೇಕು, ಹೊಗಿ ಇಳೀಬೇಕು.”

“ಹೊಗಿ ಇಳೀಲಿ. ನಮ್ಮ ಗಾಳಿ ಯಾಕ ತಿಂತೀರಿ?” ಎಂದಳು ಅತ್ತೆ.

“ಎಲ್ಲಾ ತಿನ್ನಾಂಗಿಲ್ರಿ. ಸ್ವಲ್ಪ ತಗೊಂಡು ಉಳದದ್ದು ಬಿಡತೈತಿ.”

“ಅಂದ್ರ ನನ್ನ ಮಣೂಕಕ್ಕ ಎಂಜಲ ಗಾಳಿ ಕೊಡ್ತೀರೇನ ಯಪ್ಪಾ?”

ಸಭೆಯೆಲ್ಲ ನಕ್ಕಿತು. ಎಂಜಿನಿಯರನೂ ನಕ್ಕ. ಅತ್ತೆ ನಗಲಿಲ್ಲ.

ಫ್ಯಾನು ಮೊದಲ ಸಲ ತಿರುಗಿದಾಗ ಅವಳ ಪಕ್ಕದಲ್ಲೇ ಇದ್ದೆ, ಇದರಲ್ಲಿ ಅನುಮಾನವಿಲ್ಲ. ರೆಕ್ಕೆಯ ನೆರಳು ತಗಡಿನ ಮೇಲೆ, ಆಡುಗಳ ಮೇಲೆ, ನಮ್ಮ ಮೇಲೆ ಹಾದುಹೋಯಿತು. ದಿಲ್ಲಿಯಲ್ಲಿ ಯಾರೋ ಕಾಗದದ ಮೇಲೆ ಬರೆದ ಒಂದು ಸಾಲು ಇಲ್ಲಿ, ಈ ಒಣ ಹೊಲಗಳ ನೆತ್ತಿಯಲ್ಲಿ, ಮೈ ತಳೆದು ಸುತ್ತುತ್ತಿತ್ತು.

ಅತ್ತೆ ಮೇಲೆ ನೋಡಲೇ ಇಲ್ಲ. ಶೆಡ್ಡಿನೊಳಗೆ ಹೋಗಿ ಸೆರಗಿನ ತುದಿಯನ್ನು ಬಲೆಯ ಮುಂದೆ ಹಿಡಿದಳು. ಅಲುಗಿತು. ಆದರೂ ನಂಬಲಿಲ್ಲ. ದಿನಾ ಹಾಗೇ ಹಿಡಿದು ನೋಡುತ್ತಿದ್ದಳಂತೆ.

ಹಣ್ಣು ಸುಕ್ಕುಗಟ್ಟಿದ ಮೇಲೆ ಮತ್ತೆ ಹೋದೆ. ಅತ್ತೆ ಒಂದು ಮಣೂಕ ಆರಿಸಿ, ಬೆಳಕಿಗೆ ಹಿಡಿದು, ಬಾಯಿಗೆ ಹಾಕಿಕೊಂಡಳು. ಹಸಿರು ಕೆಟ್ಟಿರಲಿಲ್ಲ.

“ಒಣಗ್ಯಾವ,” ಎಂದಳು.

ಆಮೇಲೆ ಹೊರಗೆ ಬಂದು ತಲೆಯೆತ್ತಿದಳು, ಅಷ್ಟು ದಿನದಲ್ಲಿ ಮೊದಲ ಬಾರಿ. ಕತ್ತು ಹಿಂದಕ್ಕೆ ಬಾಗುತ್ತಲೇ ಹೋಯಿತು.

“ಯಪ್ಪಾ! ಎಷ್ಟ ದೊಡ್ಡದ ಐತೋ ಇದು!”